ಪ್ರಾಂತ್ಯದ ಪ್ರೀಮಿಯರ್ ರಾಯಭಾರಿಯಾದರೆ: ಗ್ಯಾರಿ ಡೂಯರ್ ವಾಷಿಂಗ್ಟನ್‌ನಲ್ಲಿ ಮಾಡಿದ್ದೇನು?

ಪ್ರಶ್ನೆ: ಕೆನಡಾದ ಮ್ಯಾನಿಟೋಬ ಪ್ರಾಂತ್ಯದಲ್ಲಿ ಹತ್ತು ವರ್ಷ ಪ್ರೀಮಿಯರ್ (ನಮ್ಮಲ್ಲಿ ಮುಖ್ಯಮಂತ್ರಿ ಇದ್ದ ಹಾಗೆ) ಆಗಿದ್ದ ಗ್ಯಾರಿ ಡೂಯರ್ ಅವರನ್ನು 2009ರಲ್ಲಿ ಅಮೆರಿಕಕ್ಕೆ ರಾಯಭಾರಿಯಾಗಿ ಕಳಿಸಿದರು ಅಂತ ಓದಿದೆ. ಅವರು ವಿದೇಶಾಂಗ ಸೇವೆಯಲ್ಲಿ ಒಂದು ದಿನವೂ ಇದ್ದವರಲ್ಲ. ಅವರನ್ನು ಆರಿಸಿದ್ದು ಬೇರೆ ಪಕ್ಷದ ಪ್ರಧಾನಿ. ಇದು ರಾಜಕಾರಣಿಯೊಬ್ಬರಿಗೆ ಕೊಟ್ಟ ಆರಾಮದ ಹುದ್ದೆಯೇ, ಅಥವಾ ಅವರು ನಿಜಕ್ಕೂ ಕೆಲಸ ಮಾಡಿದರೇ? ಪ್ರಾಂತ್ಯದ ರಾಜಕೀಯ ಮಾಡಿಕೊಂಡಿದ್ದವರಿಗೆ ಇಂಥ ಕೆಲಸ ಒಗ್ಗುತ್ತದೆಯೇ? ಹಾಗಾದರೆ ಅದಕ್ಕೇ ತಯಾರಾದ ಅಧಿಕಾರಿಗಳ ಗತಿ ಏನು?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಡೂಯರ್ ಚೆನ್ನಾಗಿ ಕೆಲಸ ಮಾಡಿದರು. ಆ ಕೆಲಸ ಅವರಿಗೆ ಹೊಸದೂ ಆಗಿರಲಿಲ್ಲ. ಗಡಿ ಪ್ರಾಂತ್ಯದ ಪ್ರೀಮಿಯರ್ ಆಗಿದ್ದ ಹತ್ತು ವರ್ಷವೂ ಅವರ ಮೇಜಿನ ಮೇಲೆ ಅಮೆರಿಕದ ವಿಷಯ ಇಲ್ಲದ ದಿನ ಕಡಿಮೆ. ಆದರೆ ಅವರ ಕಾಲದ ಅತಿ ದೊಡ್ಡ ವಿಷಯ, ಕೆನಡಾದ ತೈಲವನ್ನು ಅಮೆರಿಕಕ್ಕೆ ಸಾಗಿಸುವ ಕೀಸ್ಟೋನ್ ಪೈಪ್‌ಲೈನ್, ಕೈಗೂಡಲಿಲ್ಲ. ಅದನ್ನೇ ಹಿಡಿದು ಅವರನ್ನು ಅಳೆಯುವವರು ಜಾಸ್ತಿ. ಅದು ಸರಿಯಾದ ಅಳತೆ ಅಲ್ಲ ಅಂತ ನನ್ನ ನಂಬಿಕೆ. ಯಾಕೆ ಅಂತ ಕೊನೆಗೆ ಬರುತ್ತೇನೆ.

ಮೊದಲು ಮ್ಯಾನಿಟೋಬದ ನಕ್ಷೆ ನೋಡಿ. ದಕ್ಷಿಣಕ್ಕೆ ಅಮೆರಿಕದ ನಾರ್ತ್ ಡಕೋಟ ಮತ್ತು ಮಿನೆಸೋಟ ರಾಜ್ಯಗಳಿವೆ. ಆ ಎರಡರ ನಡುವಿಂದ ರೆಡ್ ನದಿ ಉತ್ತರಕ್ಕೆ ಹರಿಯುತ್ತದೆ. ಗಡಿ ದಾಟಿ, ರಾಜಧಾನಿ ವಿನ್ನಿಪೆಗ್ ಒಳಗೇ ಹಾದು, ವಿನ್ನಿಪೆಗ್ ಸರೋವರ ಸೇರುತ್ತದೆ. ಅಮೆರಿಕದ ಕಡೆ ನೀರು ಹೆಚ್ಚಾದರೂ ಕೆಟ್ಟರೂ ಅದು ಮ್ಯಾನಿಟೋಬಕ್ಕೆ ಬಂದೇ ಬರುತ್ತದೆ. 1997ರಲ್ಲಿ ಈ ನದಿ ಉಕ್ಕಿ ನಾರ್ತ್ ಡಕೋಟದ ಗ್ರ್ಯಾಂಡ್ ಫೋರ್ಕ್ಸ್ ಊರು ಮುಳುಗಿತು. ವಿನ್ನಿಪೆಗ್ ಉಳಿದದ್ದು 1960ರ ದಶಕದಲ್ಲಿ ತೋಡಿದ್ದ ಪ್ರವಾಹ ಕಾಲುವೆಯಿಂದ. ಡೂಯರ್ ಸರ್ಕಾರ ಆ ಕಾಲುವೆಯನ್ನು ದೊಡ್ಡದು ಮಾಡಲು ಕೇಂದ್ರದ ಜೊತೆ ಸೇರಿ 66.5 ಕೋಟಿ ಕೆನಡಿಯನ್ ಡಾಲರ್‌ನ ಕೆಲಸ ಕೈಗೆತ್ತಿಕೊಂಡಿತು. ಅದು ಮನೆಯೊಳಗಿನ ಕೆಲಸ. ಗಡಿಯಾಚೆಯ ಜಗಳ ಬೇರೆಯೇ ಇತ್ತು.

ನಾರ್ತ್ ಡಕೋಟದಲ್ಲಿ ಡೆವಿಲ್ಸ್ ಲೇಕ್ ಅನ್ನುವ ಸರೋವರ ಇದೆ. ಸಾಮಾನ್ಯ ಮಟ್ಟದಲ್ಲಿ ಅದರಿಂದ ನೀರು ಹೊರಗೆ ಹೋಗಲು ದಾರಿಯೇ ಇಲ್ಲ. 1993ರಿಂದ ಅದು ಏರುತ್ತಲೇ ಹೋಯಿತು. ಹೊಲ ಮುಳುಗಿದವು, ರಸ್ತೆ ಮುಳುಗಿದವು, ಮನೆಗಳನ್ನು ಎತ್ತಿ ಬೇರೆ ಕಡೆ ಇಡಬೇಕಾಯಿತು. ಅಲ್ಲಿನ ಜನರ ಕಷ್ಟ ಸುಳ್ಳಲ್ಲ. ರಾಜ್ಯ ಸರ್ಕಾರ ತಾನೇ ಒಂದು ಕಾಲುವೆ ಮಾಡಿ ನೀರನ್ನು ಶೆಯೆನ್ ನದಿಗೆ ಬಿಡಲು ಹೊರಟಿತು. ಶೆಯೆನ್ ಹೋಗಿ ಸೇರುವುದು ರೆಡ್ ನದಿಯನ್ನು. ಡೆವಿಲ್ಸ್ ಲೇಕ್ ನೀರಿನಲ್ಲಿ ಉಪ್ಪಿನಂಶ, ಸಲ್ಫೇಟ್ ಜಾಸ್ತಿ. ಜೊತೆಗೆ ವಿನ್ನಿಪೆಗ್ ಸರೋವರದಲ್ಲಿ ಇಲ್ಲದ ಜೀವಿಗಳು, ಮೀನಿನ ರೋಗಾಣುಗಳು ಬಂದರೆ ಅಲ್ಲಿನ ಮೀನುಗಾರಿಕೆ ಏನಾಗಬೇಕು ಅನ್ನುವ ಭಯ ಮ್ಯಾನಿಟೋಬದ್ದು.

ಇದಕ್ಕೆ ಕಾನೂನು ಇತ್ತು. 1909ರ ಗಡಿ ಜಲ ಒಪ್ಪಂದದ ಪ್ರಕಾರ ಒಂದು ದೇಶ ಇನ್ನೊಂದರ ನೀರು ಕೆಡಿಸುವಂತಿಲ್ಲ. ವಿಚಾರಣೆಗೆ ಎರಡೂ ದೇಶದ ಜಂಟಿ ಆಯೋಗವೂ ಇದೆ. ಆದರೆ ರೂಢಿಯಲ್ಲಿ ಎರಡೂ ದೇಶ ಕೂಡಿ ಕೇಳಿದರೆ ಮಾತ್ರ ಆಯೋಗ ಇಂಥದ್ದಕ್ಕೆ ಕೈಹಾಕುತ್ತದೆ. ಅಮೆರಿಕ ಒಪ್ಪಲಿಲ್ಲ. ಹಾಗಾಗಿ ಡೂಯರ್ ಒಂದೇ ಬಾಗಿಲು ಬಡಿಯುತ್ತಾ ಕೂರಲಿಲ್ಲ. ಕೆಳಹರಿವಿನಲ್ಲಿದ್ದ ಮಿನೆಸೋಟಕ್ಕೂ ಇದೇ ಚಿಂತೆ ಇತ್ತು, ಅದನ್ನು ಜೊತೆಗೆ ಸೇರಿಸಿಕೊಂಡರು. ಶೆಯೆನ್ ದಂಡೆಯ ನಾರ್ತ್ ಡಕೋಟದ ಜನರೇ ಕೆಲವರು ಕೋರ್ಟಿಗೆ ಹೋಗಿದ್ದರು, ಮ್ಯಾನಿಟೋಬವೂ ಆ ಹೋರಾಟಕ್ಕೆ ಸೇರಿತು. ಒಂದು ದೇಶದ ಪ್ರಾಂತ್ಯ ಇನ್ನೊಂದು ದೇಶದ ರಾಜ್ಯದ ಸುಪ್ರೀಂ ಕೋರ್ಟಿನವರೆಗೆ ಹೋಗುವುದು ಎಂದರೆ ಸಣ್ಣ ಮಾತಲ್ಲ. ಅಲ್ಲಿ ಸೋತರು. ಆದರೆ 2005ರ ಆಗಸ್ಟ್‌ನಲ್ಲಿ, ನೀರು ಬಿಡುವ ಹೊತ್ತಿಗೆ ಸರಿಯಾಗಿ, ಒಂದು ಒಪ್ಪಂದ ಆಯಿತು. ಹೊರಹರಿವಿನ ದಾರಿಯಲ್ಲಿ ಕಲ್ಲು ಮತ್ತು ಜಲ್ಲಿಯ ಫಿಲ್ಟರ್ ಹಾಕುವುದು, ನೀರನ್ನೂ ಜೀವಿಗಳನ್ನೂ ಪರೀಕ್ಷೆ ಮಾಡುವುದು ಅಂತ ತೀರ್ಮಾನವಾಯಿತು. ಮ್ಯಾನಿಟೋಬ ಕೇಳಿದ್ದು ಇದಕ್ಕಿಂತ ಬಲವಾದ ಫಿಲ್ಟರ್. ಅದಕ್ಕಾಗಿ ಅದು ಮುಂದೆಯೂ ವರ್ಷಗಟ್ಟಲೆ ಕೇಳುತ್ತಲೇ ಇತ್ತು. ಸಿಕ್ಕಿದ್ದು ಅರ್ಧ.

ಈ ಕಥೆಯಲ್ಲಿ ಇಬ್ಬರ ಹೆಸರು ನೆನಪಿಡಿ. ಆಗ ವಾಷಿಂಗ್ಟನ್‌ನಲ್ಲಿ ಕೆನಡಾದ ರಾಯಭಾರಿಯಾಗಿದ್ದವರು ಫ್ರ್ಯಾಂಕ್ ಮೆಕೆನ್ನಾ. ಅವರೂ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಹಳೆಯ ಪ್ರೀಮಿಯರ್. ಎದುರು ಪಾಳಯದಲ್ಲಿದ್ದ ನಾರ್ತ್ ಡಕೋಟದ ಗವರ್ನರ್ ಜಾನ್ ಹೋವೆನ್. ಈ ಹೋವೆನ್ ಮತ್ತೆ ಬರುತ್ತಾರೆ, ಅದೂ ಬೇರೆ ಪಾತ್ರದಲ್ಲಿ.

ನೀರು ಒಂದೇ ಅಲ್ಲ. ನೆಲ್ಸನ್ ನದಿಯ ಅಣೆಕಟ್ಟುಗಳಿಂದ ಬರುವ ವಿದ್ಯುತ್ತನ್ನು ಮ್ಯಾನಿಟೋಬ ಮಿನೆಸೋಟಕ್ಕೆ ಮಾರುತ್ತದೆ. ಆ ಅಣೆಕಟ್ಟುಗಳಿಂದ ನೆಲ, ಮೀನು, ಬೇಟೆ ಕಳೆದುಕೊಂಡ ಕ್ರೀ ಮೂಲನಿವಾಸಿಗಳು ಮಿನೆಸೋಟಕ್ಕೇ ಹೋಗಿ, ಈ ಕರೆಂಟ್ ಕೊಳ್ಳಬೇಡಿ ಅಂತ ಅಲ್ಲಿನ ಜನಪ್ರತಿನಿಧಿಗಳನ್ನು ಕೇಳಿಕೊಂಡರು. ಅವರ ದೂರು ನ್ಯಾಯವಾದದ್ದೇ ಆಗಿತ್ತು. ಪ್ರೀಮಿಯರ್ ಆದವರು ಅದಕ್ಕೂ ಉತ್ತರ ಕೊಡಬೇಕಿತ್ತು. 2003ರ ಮೇ ತಿಂಗಳಲ್ಲಿ ಆಲ್ಬರ್ಟಾದ ಒಂದು ಹಸುವಿನಲ್ಲಿ ಹುಚ್ಚು ಹಸು ರೋಗ ಸಿಕ್ಕಿತು. ಅಮೆರಿಕ ಕೆನಡಾದ ದನಗಳಿಗೆ ಗಡಿ ಮುಚ್ಚಿತು. ಎಳೆಯ ದನಗಳಿಗೆ ಅದು ಮತ್ತೆ ತೆರೆದದ್ದು 2005ರ ಜುಲೈನಲ್ಲಿ. ಆಮೇಲೆ, ಗಡಿ ದಾಟಲು ಎಲ್ಲರಿಗೂ ಪಾಸ್‌ಪೋರ್ಟ್ ಬೇಕು ಅನ್ನುವ ಅಮೆರಿಕದ ನಿಯಮ ಬಂತು. ದಿನಾ ಆಚೆ ಈಚೆ ಓಡಾಡುವ ಗಡಿ ಊರಿನವರಿಗೆ ಅದು ತಲೆನೋವು. ಪಾಸ್‌ಪೋರ್ಟ್ ಬದಲು ಹೆಚ್ಚು ಭದ್ರತೆಯ ಗುರುತಿನ ಚೀಟಿ ಸಾಕು ಅನ್ನುವ ದಾರಿಗಾಗಿ ಡೂಯರ್ ವಾದಿಸಿದರು. ಇದಕ್ಕೆಲ್ಲ ಅವರು ಅಮೆರಿಕದ ಪಶ್ಚಿಮ ರಾಜ್ಯಗಳ ಗವರ್ನರ್‌ಗಳ ಸಭೆಗಳಿಗೆ ಹೋಗುತ್ತಿದ್ದರು. ಅಲ್ಲಿ ಗವರ್ನರ್ ಅಂದರೆ ಜನರೇ ಆರಿಸಿದ ರಾಜ್ಯದ ಮುಖ್ಯಸ್ಥ. ಪ್ರೀಮಿಯರ್‌ಗೆ ಸರಿಸಮ.

ಅವರ ಹಿಂದಿನ ಬದುಕನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ಒಪ್ಪಂದ ಮಾಡಿಸುವ ಕಲೆ ಅಲ್ಲಿಂದಲೇ ಬಂದದ್ದು. 1948ರಲ್ಲಿ ವಿನ್ನಿಪೆಗ್‌ನಲ್ಲಿ ಹುಟ್ಟಿದವರು. ವಿಶ್ವವಿದ್ಯಾಲಯವನ್ನು ಅರ್ಧಕ್ಕೇ ಬಿಟ್ಟು, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗರನ್ನು ಇಡುವ ಸರ್ಕಾರಿ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದರು. 1979ರಿಂದ 1986ರವರೆಗೆ ಮ್ಯಾನಿಟೋಬ ಸರ್ಕಾರಿ ನೌಕರರ ಸಂಘದ ಅಧ್ಯಕ್ಷರಾಗಿದ್ದರು. ಏಳು ವರ್ಷ ಸಂಬಳ, ರಜೆ, ಬಡ್ತಿ ಅಂತ ಸರ್ಕಾರದ ಎದುರು ಕೂತು ಮಾತಾಡಿದವರಿಗೆ ಒಂದು ವಿಷಯ ರಕ್ತಗತವಾಗುತ್ತದೆ. ಎದುರು ಕೂತವರೂ ತಮ್ಮವರ ಹತ್ತಿರ ವಾಪಸ್ ಹೋಗಿ ‘ಗೆದ್ದೆವು’ ಅಂತ ಹೇಳಿಕೊಳ್ಳುವ ಹಾಗಿರಬೇಕು. ಇಲ್ಲದಿದ್ದರೆ ಸಹಿ ಬೀಳುವುದಿಲ್ಲ.

1986ರಲ್ಲಿ ನ್ಯೂ ಡೆಮಾಕ್ರಟಿಕ್ ಪಕ್ಷದಿಂದ ಶಾಸಕರಾದರು, ಮಂತ್ರಿಯೂ ಆದರು. 1988ರ ಮಾರ್ಚ್‌ನಲ್ಲಿ ಆ ಪಕ್ಷದ ಶಾಸಕರೊಬ್ಬರೇ ಬಜೆಟ್ ವಿರುದ್ಧ ಮತ ಹಾಕಿ 28-27ರಿಂದ ಸರ್ಕಾರ ಉರುಳಿತು. ಆ ತಿಂಗಳ ಕೊನೆಗೆ ಡೂಯರ್ ಪಕ್ಷದ ನಾಯಕರಾದರು. ಮುಂದಿನ ತಿಂಗಳೇ ಚುನಾವಣೆ. 57 ಸ್ಥಾನಗಳಲ್ಲಿ ಸಿಕ್ಕಿದ್ದು 12, ಮೂರನೆಯ ಜಾಗ. ಅಲ್ಲಿಂದ 11 ವರ್ಷ ವಿರೋಧ ಪಕ್ಷದಲ್ಲೇ ಕಳೆದರು. ಮೂರು ಚುನಾವಣೆ ಸೋತ ನಾಯಕನನ್ನು ಯಾವ ಪಕ್ಷವೂ ಸುಲಭವಾಗಿ ಇಟ್ಟುಕೊಳ್ಳುವುದಿಲ್ಲ, ಅಲ್ವಾ? ಇವರನ್ನು ಇಟ್ಟುಕೊಂಡಿತು.

ಆ ಕಾಲದ ಒಂದು ಘಟನೆ ಮುಖ್ಯ. ಫ್ರೆಂಚ್ ಮಾತಾಡುವ ಕ್ವಿಬೆಕ್ ಪ್ರಾಂತ್ಯವನ್ನು ಸಂವಿಧಾನದೊಳಗೆ ಒಪ್ಪಿಸಿ ತರಲು ಮೀಚ್ ಲೇಕ್ ಒಪ್ಪಂದ ಆಗಿತ್ತು. 1990ರ ಜೂನ್ 23ರೊಳಗೆ ಎಲ್ಲ ಪ್ರಾಂತ್ಯಗಳೂ ಅದಕ್ಕೆ ಒಪ್ಪಿಗೆ ಕೊಡಬೇಕಿತ್ತು. ಮ್ಯಾನಿಟೋಬದಲ್ಲಿ ಆಗಿನ ಪ್ರೀಮಿಯರ್ ಗ್ಯಾರಿ ಫಿಲ್ಮನ್ ಅವರದ್ದು ಬಹುಮತವಿಲ್ಲದೆ ಶುರುವಾದ ಸರ್ಕಾರ. ಹಾಗಾಗಿ ಅವರು ದೇಶದ ರಾಜಧಾನಿ ಒಟ್ಟಾವಕ್ಕೆ ಮಾತುಕತೆಗೆ ಹೋಗುವಾಗ ಎರಡೂ ವಿರೋಧ ಪಕ್ಷದ ನಾಯಕರನ್ನು, ಡೂಯರ್ ಮತ್ತು ಶ್ಯಾರನ್ ಕಾರ್‌ಸ್ಟೇರ್ಸ್ ಅವರನ್ನು, ಜೊತೆಗೆ ಕರೆದುಕೊಂಡು ಹೋದರು. ದಿನಗಟ್ಟಲೆ ಬಾಗಿಲು ಮುಚ್ಚಿ ಮಾತುಕತೆ ನಡೆಯಿತು. ಮೂವರೂ ಒಪ್ಪಿ ಬಂದರು. ಊರಿಗೆ ಬಂದ ಮೇಲೆ ಡೂಯರ್ ಪಕ್ಷದ ಶಾಸಕ, ಒಜಿ-ಕ್ರೀ ಮೂಲನಿವಾಸಿ ಎಲಿಜಾ ಹಾರ್ಪರ್, ಕೈಯಲ್ಲಿ ಹದ್ದಿನ ಗರಿ ಹಿಡಿದು ‘ಇಲ್ಲ’ ಅಂದರು. ಮೂಲನಿವಾಸಿಗಳನ್ನು ಯಾರೂ ಕೇಳಲಿಲ್ಲ ಅನ್ನುವುದು ಅವರ ಕಾರಣ. ಸದನದ ನಿಯಮದ ಪ್ರಕಾರ ಎಲ್ಲರ ಒಪ್ಪಿಗೆ ಬೇಕಿತ್ತು. ಒಬ್ಬರ ಇಲ್ಲ ಸಾಕಾಯಿತು. ಮ್ಯಾನಿಟೋಬದಲ್ಲಿ ಮತವೇ ನಡೆಯಲಿಲ್ಲ, ಗಡುವು ಮುಗಿಯಿತು, ಒಪ್ಪಂದ ಬಿದ್ದುಹೋಯಿತು. ಮೇಲೆ ಕೂತ ನಾಯಕರು ಕೈಕುಲುಕಿದರೆ ಸಾಲದು, ಕೆಳಗಿನ ಸದನದಲ್ಲಿ ಅದು ನಡೆಯಬೇಕು ಅನ್ನುವುದನ್ನು ಡೂಯರ್ ಇಷ್ಟು ಹತ್ತಿರದಿಂದ ನೋಡಿದರು. ಅಮೆರಿಕದ ಕಾಂಗ್ರೆಸ್ (ಅಲ್ಲಿನ ಸಂಸತ್ತು) ಜೊತೆ ಕೆಲಸ ಮಾಡುವವರಿಗೆ ಇದಕ್ಕಿಂತ ಬೇರೆ ತರಬೇತಿ ಬೇಡ.

1999ರಲ್ಲಿ ಗೆದ್ದರು, 32 ಸ್ಥಾನ. 2003ರಲ್ಲಿ 35, 2007ರಲ್ಲಿ 36. ಎಡಪಕ್ಷದವರಾದರೂ ಹಿಂದಿನ ಸರ್ಕಾರದ ಸಮತೋಲ ಬಜೆಟ್ ಕಾನೂನನ್ನು ಕಿತ್ತುಹಾಕಲಿಲ್ಲ. ಎಲ್ಲವೂ ಚೆನ್ನಾಗಿತ್ತು ಅಂತಲ್ಲ. ಆಸ್ಪತ್ರೆಯ ಹಜಾರದಲ್ಲಿ ರೋಗಿಗಳನ್ನು ಮಲಗಿಸುವುದನ್ನು ನಿಲ್ಲಿಸುತ್ತೇವೆ ಅಂದ ಮಾತು ಪೂರ್ತಿ ಈಡೇರಲಿಲ್ಲ. ಕ್ರೋಕಸ್ ಅನ್ನುವ ಹೂಡಿಕೆ ನಿಧಿ 2004ರ ಕೊನೆಗೆ ಕುಸಿದು 30 ಸಾವಿರಕ್ಕೂ ಹೆಚ್ಚು ಜನರ ದುಡ್ಡು ಸಿಕ್ಕಿಹಾಕಿಕೊಂಡಾಗ, ಸರ್ಕಾರ ಮೊದಲೇ ಯಾಕೆ ಎಚ್ಚೆತ್ತುಕೊಳ್ಳಲಿಲ್ಲ ಅನ್ನುವ ಪ್ರಶ್ನೆ ಅವರನ್ನು ಬಿಡಲಿಲ್ಲ.

ಇನ್ನು ನೇಮಕದ ವಿಷಯ. 2009ರ ಆಗಸ್ಟ್ 27ರಂದು ಡೂಯರ್ ರಾಜೀನಾಮೆ ಘೋಷಿಸಿದರು. ಮಾರನೆಯ ದಿನವೇ ಕನ್ಸರ್ವೇಟಿವ್ ಪ್ರಧಾನಿ ಸ್ಟೀಫನ್ ಹಾರ್ಪರ್ ಅವರನ್ನು ವಾಷಿಂಗ್ಟನ್‌ಗೆ ಹೆಸರಿಸಿದರು. ಕೆನಡಾದಲ್ಲಿ ರಾಯಭಾರಿಯ ನೇಮಕಕ್ಕೆ ಸಂಸತ್ತಿನ ಮತ ಬೇಕಿಲ್ಲ, ಪ್ರಧಾನಿಯ ತೀರ್ಮಾನ ಸಾಕು. ಹೋಗುವ ದೇಶ ಒಪ್ಪಬೇಕು ಅಷ್ಟೇ. ಬೇರೆ ಪಕ್ಷದವರನ್ನು ಆರಿಸಿದ್ದೂ ಮೊದಲ ಸಲ ಅಲ್ಲ. 1984ರಲ್ಲಿ ಕನ್ಸರ್ವೇಟಿವ್ ಪ್ರಧಾನಿ ಬ್ರಯಾನ್ ಮಲ್ರೋನಿ ವಿಶ್ವಸಂಸ್ಥೆಗೆ ಕಳಿಸಿದ್ದು ಸ್ಟೀಫನ್ ಲೂಯಿಸ್ ಅವರನ್ನು. ಲೂಯಿಸ್ ಒಂಟಾರಿಯೊದಲ್ಲಿ ಇದೇ ನ್ಯೂ ಡೆಮಾಕ್ರಟಿಕ್ ಪಕ್ಷದ ನಾಯಕರಾಗಿದ್ದವರು.

ಹಾರ್ಪರ್‌ಗೆ ಇದರಿಂದ ಏನು ಲಾಭ? ಆ ವರ್ಷ ಅಮೆರಿಕದಲ್ಲಿ ಒಬಾಮ ಬಂದಿದ್ದರು. ಬಲಪಂಥದ ಪ್ರಧಾನಿಗೆ ಡೆಮಾಕ್ರಟಿಕ್ ಸರ್ಕಾರದ ಜೊತೆ ಸಲುಗೆಯಿಂದ ಮಾತಾಡಬಲ್ಲ ಒಬ್ಬರು ಬೇಕಿತ್ತು. ಒಬಾಮ ಸಂಪುಟವನ್ನು ಗಮನಿಸಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಗಡಿ ಭದ್ರತೆ ನೋಡಿಕೊಳ್ಳುವ ಇಲಾಖೆಗೆ ಜ್ಯಾನೆಟ್ ನಪೊಲಿಟಾನೊ, ಅರಿಜೋನದ ಗವರ್ನರ್ ಆಗಿದ್ದವರು. ಕೃಷಿಗೆ ಟಾಮ್ ವಿಲ್ಸಾಕ್, ಅಯೋವದ ಹಳೆಯ ಗವರ್ನರ್. ವಾಣಿಜ್ಯಕ್ಕೆ ಗ್ಯಾರಿ ಲಾಕ್, ವಾಷಿಂಗ್ಟನ್ ರಾಜ್ಯದ ಹಳೆಯ ಗವರ್ನರ್. ಆರೋಗ್ಯಕ್ಕೆ ಕ್ಯಾಥ್ಲೀನ್ ಸೆಬೇಲಿಯಸ್, ಕಾನ್ಸಸ್‌ನ ಗವರ್ನರ್ ಆಗಿದ್ದವರು. ಕೆನಡಾಕ್ಕೆ ದಿನನಿತ್ಯ ಬೇಕಾಗುವ ಇಲಾಖೆಗಳಲ್ಲಿ ಕೂತಿದ್ದವರು ಡೂಯರ್ ಮಾಡಿದ ಕೆಲಸವನ್ನೇ ಮಾಡಿ ಬಂದವರು. ಆಸ್ಪತ್ರೆ, ರಸ್ತೆ, ಪ್ರವಾಹ, ಬಜೆಟ್ ಅಂತ ಪೆಟ್ಟು ತಿಂದವರು ಒಬ್ಬರನ್ನೊಬ್ಬರು ಬೇಗ ಗುರುತು ಹಿಡಿಯುತ್ತಾರೆ. ಎಷ್ಟೇ ಪ್ರತಿಭೆ ಇದ್ದರೂ ವೃತ್ತಿನಿರತ ಅಧಿಕಾರಿಗೆ ಆ ಸಲುಗೆ ಮೊದಲ ದಿನವೇ ಬರುವುದಿಲ್ಲ.

ಇನ್ನೊಂದು ಕಾರಣ ಕೆನಡಾದ ಸಂವಿಧಾನದಲ್ಲೇ ಇದೆ. ವಿದೇಶಗಳ ಜೊತೆ ಒಪ್ಪಂದಕ್ಕೆ ಸಹಿ ಹಾಕುವುದು ಕೇಂದ್ರ. ಆದರೆ ವಿಷಯ ಪ್ರಾಂತ್ಯದ ಅಧಿಕಾರಕ್ಕೆ ಸೇರಿದ್ದಾದರೆ ಅದನ್ನು ಜಾರಿ ಮಾಡುವುದು ಪ್ರಾಂತ್ಯವೇ. 1937ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ಆಗ ಕೆನಡಾದ ಕೊನೆಯ ಮೇಲ್ಮನವಿ ನ್ಯಾಯಾಲಯ, ಕೊಟ್ಟ ತೀರ್ಪು ಇದನ್ನು ಖಚಿತ ಮಾಡಿತು. ತೈಲ, ವಿದ್ಯುತ್, ಕಾಡು, ಗಣಿ ಎಲ್ಲ ಪ್ರಾಂತ್ಯಗಳದ್ದು. ಪ್ರಾಂತ್ಯಗಳನ್ನು ಬಿಟ್ಟು ಅಮೆರಿಕದ ಜೊತೆ ವ್ಯಾಪಾರದ ಮಾತು ಆಡಲು ಆಗುವುದೇ ಇಲ್ಲ.

ಡೂಯರ್ ಅಕ್ಟೋಬರ್‌ನಲ್ಲಿ ಹೋಗುತ್ತಿದ್ದ ಹಾಗೆ ಎದುರಾದ ವಿಷಯ ಇದಕ್ಕೆ ಸಾಕ್ಷಿ. 2008ರ ಆರ್ಥಿಕ ಕುಸಿತದ ನಂತರ ಅಮೆರಿಕ ದೊಡ್ಡ ಚೇತರಿಕೆ ಪ್ಯಾಕೇಜ್ ತಂದಿತ್ತು. ಆ ದುಡ್ಡಲ್ಲಿ ನಡೆಯುವ ಕಾಮಗಾರಿಗೆ ಅಮೆರಿಕದ ಕಬ್ಬಿಣ, ಉಕ್ಕು, ಸಾಮಾನುಗಳನ್ನೇ ಬಳಸಬೇಕು ಅನ್ನುವ ಷರತ್ತು ಅದರಲ್ಲಿತ್ತು. ಕೆನಡಾದ ಕಾರ್ಖಾನೆಗಳಿಗೆ ಪೆಟ್ಟು ಬಿತ್ತು. ಅಮೆರಿಕದ ಉತ್ತರ ಸರಳವಾಗಿತ್ತು: ನಿಮ್ಮ ಪ್ರಾಂತ್ಯಗಳು ತಮ್ಮ ಟೆಂಡರ್‌ಗಳನ್ನು ನಮಗೆ ತೆರೆದಿಲ್ಲ, ನಾವು ಯಾಕೆ ತೆರೆಯಬೇಕು? ಅವರು ಹೇಳಿದ್ದು ನಿಜ. ವಿಶ್ವ ವ್ಯಾಪಾರ ಸಂಸ್ಥೆಯ ಸರ್ಕಾರಿ ಖರೀದಿ ಒಪ್ಪಂದದೊಳಗೆ ಪ್ರಾಂತ್ಯಗಳು ಆವರೆಗೆ ಬಂದಿರಲಿಲ್ಲ. 2010ರ ಫೆಬ್ರವರಿಯಲ್ಲಿ ಒಪ್ಪಂದ ಆಯಿತು. ಪ್ರಾಂತ್ಯಗಳು ಒಳಗೆ ಬಂದವು, ಅಮೆರಿಕದ 37 ರಾಜ್ಯಗಳ ಟೆಂಡರ್‌ಗಳು ಕೆನಡಾಕ್ಕೆ ತೆರೆದವು, ಚೇತರಿಕೆ ಹಣದ ಕೆಲವು ಯೋಜನೆಗಳಿಗೂ ವಿನಾಯಿತಿ ಸಿಕ್ಕಿತು. ಆ ಹೊತ್ತಿಗೆ ಪ್ಯಾಕೇಜಿನ ಬಹುಪಾಲು ದುಡ್ಡು ಹಂಚಿಹೋಗಿತ್ತು ಅನ್ನುವ ಟೀಕೆ ಬಂತು, ಅದೂ ಸರಿಯೇ. ಮಾತುಕತೆ ಡೂಯರ್ ಬರುವ ಮೊದಲೇ ಶುರುವಾಗಿತ್ತು, ಪೂರ್ತಿ ಹೆಸರು ಅವರಿಗೆ ಕೊಡುವಂತಿಲ್ಲ. ಆದರೆ ನಿನ್ನೆಯವರೆಗೆ ಪ್ರೀಮಿಯರ್ ಆಗಿದ್ದವರು ಆ ಮೇಜಿನಲ್ಲಿ ಇದ್ದದ್ದು ಉಪಯೋಗಕ್ಕೆ ಬಂದೇ ಬಂದಿರುತ್ತದೆ.

ನನಗೆ ತುಂಬಾ ಹಿಡಿಸುವುದು ಹಂದಿಮರಿಗಳ ವಿಷಯ. ಮ್ಯಾನಿಟೋಬದ ರೈತರು ಹಾಲು ಬಿಡಿಸಿದ ಹಂದಿಮರಿಗಳನ್ನು ಅಯೋವ, ಮಿನೆಸೋಟಕ್ಕೆ ಕಳಿಸುತ್ತಾರೆ. ಅಲ್ಲಿ ಮೆಕ್ಕೆಜೋಳ ಧಾರಾಳ. ಮರಿಗಳು ಅಲ್ಲಿ ಬೆಳೆದು, ಅಲ್ಲೇ ಮಾಂಸವಾಗುತ್ತವೆ. 2008-09ರಲ್ಲಿ ಅಮೆರಿಕ ಮಾಂಸದ ಪ್ಯಾಕೆಟ್ ಮೇಲೆ ಮೂಲ ದೇಶದ ಲೇಬಲ್ ಕಡ್ಡಾಯ ಮಾಡಿತು. ಪ್ರಾಣಿ ಎಲ್ಲಿ ಹುಟ್ಟಿತು, ಎಲ್ಲಿ ಬೆಳೆಯಿತು, ಎಲ್ಲಿ ಕಡಿದರು ಅನ್ನುವುದು ಗೊತ್ತಾಗಬೇಕು. ಗ್ರಾಹಕರಿಗೆ ಒಳ್ಳೆಯದೇ ಅನ್ನಿಸುತ್ತದೆ. ಆದರೆ ಕಸಾಯಿಖಾನೆಯೊಳಗೆ ಹೋಗಿ ನೋಡಿದರೆ ತೊಂದರೆ ಗೊತ್ತಾಗುತ್ತದೆ. ಕೆನಡಾದಲ್ಲಿ ಹುಟ್ಟಿದ ಹಂದಿಯನ್ನು ಬೇರೆ ಇಡಬೇಕು, ಬೇರೆ ಹೊತ್ತಲ್ಲಿ ಕಡಿಯಬೇಕು, ಬೇರೆ ಲೆಕ್ಕ ಬರೆಯಬೇಕು. ಈ ಗೋಜೇ ಬೇಡ ಅಂತ ಕೆಲವು ಕಂಪನಿಗಳು ಕೆನಡಾದ ಪ್ರಾಣಿ ಕೊಳ್ಳುವುದನ್ನೇ ಬಿಟ್ಟವು, ಇನ್ನು ಕೆಲವು ಕಡಿಮೆ ಬೆಲೆ ಕೊಟ್ಟವು.

ಕೆನಡಾ ಮತ್ತು ಮೆಕ್ಸಿಕೊ ವಿಶ್ವ ವ್ಯಾಪಾರ ಸಂಸ್ಥೆಗೆ ಹೋದವು. ಗೆದ್ದವು. ಅಮೆರಿಕ 2013ರಲ್ಲಿ ನಿಯಮ ತಿದ್ದಿತು, ಇನ್ನಷ್ಟು ಬಿಗಿ ಮಾಡಿತು. ಮತ್ತೆ ದೂರು, ಮತ್ತೆ ಗೆಲುವು. ಜೊತೆಗೆ 2013ರಲ್ಲೇ ಕೆನಡಾ ಒಂದು ಪಟ್ಟಿ ಹೊರಡಿಸಿತು. ನೀವು ಸರಿಪಡಿಸದಿದ್ದರೆ ಇವುಗಳ ಮೇಲೆ ಸುಂಕ ಹಾಕುತ್ತೇವೆ ಅಂತ. ಅದರಲ್ಲಿ ಮಾಂಸ ಇತ್ತು, ಸರಿ. ಸೇಬು, ಚೆರ್ರಿ, ವೈನ್, ಪಾಸ್ತಾ, ಚಾಕೊಲೇಟ್ ಕೂಡ ಇದ್ದವು. ಹಂದಿಗೂ ವೈನ್‌ಗೂ ಏನು ಸಂಬಂಧ? ವೈನ್ ಕ್ಯಾಲಿಫೋರ್ನಿಯದ್ದು, ಸೇಬು ವಾಷಿಂಗ್ಟನ್ ರಾಜ್ಯದ್ದು. ಲೇಬಲ್ ಬಗ್ಗೆ ತಲೆಯನ್ನೇ ಕೆಡಿಸಿಕೊಳ್ಳದಿದ್ದ ಸಂಸದರಿಗೆ ಅವರ ಕ್ಷೇತ್ರದಿಂದಲೇ ಫೋನ್ ಬರುವಂತೆ ಮಾಡುವ ಪಟ್ಟಿ ಅದು. 2015ರ ಮೇ ತಿಂಗಳಲ್ಲಿ ಕೊನೆಯ ತೀರ್ಪು ಬಂತು. ಜೂನ್‌ನಲ್ಲಿ ಅಮೆರಿಕದ ಕೆಳಮನೆ 300-131 ಮತದಿಂದ ಹಂದಿ, ದನದ ಮಾಂಸದ ಲೇಬಲ್ ರದ್ದು ಮಾಡುವ ಮಸೂದೆ ಪಾಸು ಮಾಡಿತು. ಸೆನೆಟ್ ಎಳೆದಾಡಿತು. ಡಿಸೆಂಬರ್‌ನಲ್ಲಿ ಕೆನಡಾ ವರ್ಷಕ್ಕೆ 100 ಕೋಟಿ ಕೆನಡಿಯನ್ ಡಾಲರ್‌ಗೂ ಹೆಚ್ಚು ಸುಂಕ ಹಾಕಬಹುದು ಅಂತ ಸಂಸ್ಥೆ ಹೇಳಿತು. ಅದೇ ತಿಂಗಳು ಕಾಂಗ್ರೆಸ್ ಲೇಬಲ್ ಕೈಬಿಟ್ಟಿತು. ಡೂಯರ್ ಅವರ ಅವಧಿ ಮುಗಿಯುತ್ತಾ ಬಂದಿದ್ದಾಗ ಸಿಕ್ಕ ಈ ಗೆಲುವಿಗೆ ಪತ್ರಿಕೆಗಳಲ್ಲಿ ಹೆಚ್ಚು ಜಾಗ ಸಿಗಲಿಲ್ಲ. ಹಂದಿ ಸಾಕುವವರಿಗೆ ಮಾತ್ರ ಅದರ ಬೆಲೆ ಗೊತ್ತು.

ಡೆಟ್ರಾಯಿಟ್ ಮತ್ತು ವಿಂಡ್ಸರ್ ನಡುವಿನ ಹೊಸ ಸೇತುವೆಯನ್ನೂ ಹೇಳಬೇಕು. ಎರಡು ದೇಶದ ಸರಕು ವ್ಯಾಪಾರದ ಕಾಲು ಭಾಗದಷ್ಟು ಆಗ ಅಲ್ಲಿ ದಾಟುತ್ತಿತ್ತು, ಅದೂ 1929ರ ಖಾಸಗಿ ಸೇತುವೆಯ ಮೇಲೆ. ಮಿಷಿಗನ್ ಶಾಸಕಾಂಗ ದುಡ್ಡು ಕೊಡಲು ಒಪ್ಪಲಿಲ್ಲ. 2012ರ ಜೂನ್‌ನಲ್ಲಿ ಗವರ್ನರ್ ರಿಕ್ ಸ್ನೈಡರ್ ನೇರವಾಗಿ ಕೆನಡಾದ ಜೊತೆ ಸಹಿ ಹಾಕಿದರು. ಖರ್ಚು ಕೆನಡಾದ್ದು, ಟೋಲ್‌ನಿಂದ ವಾಪಸ್ ಪಡೆಯುವುದು. ಅಮೆರಿಕದ ಕಡೆಯ ಕಸ್ಟಮ್ಸ್ ಕಟ್ಟಡಕ್ಕೂ ವಾಷಿಂಗ್ಟನ್ ದುಡ್ಡು ಬಿಡುಗಡೆ ಮಾಡದಿದ್ದಾಗ 2015ರಲ್ಲಿ ಕೆನಡಾ ಅದನ್ನೂ ಹೊತ್ತುಕೊಂಡಿತು. ಕೆನಡಾದವರಿಗೆ ಅದು ಕಹಿಯಾಗಿತ್ತು. ಆದರೆ ಕೆಲಸ ಮುಂದೆ ಹೋಯಿತು.

ಈಗ ಕೀಸ್ಟೋನ್ ಎಕ್ಸ್‌ಎಲ್. ಆಲ್ಬರ್ಟಾದ ಹಾರ್ಡಿಸ್ಟಿಯಿಂದ ನೆಬ್ರಾಸ್ಕಾದ ಸ್ಟೀಲ್ ಸಿಟಿಗೆ ದಿನಕ್ಕೆ 8.3 ಲಕ್ಷ ಬ್ಯಾರೆಲ್ ತೈಲ ಸಾಗಿಸುವ ಯೋಜನೆ. ಗಡಿ ದಾಟುವುದರಿಂದ ಅಮೆರಿಕದ ಅಧ್ಯಕ್ಷರ ಅನುಮತಿ ಬೇಕು. ಪ್ರಧಾನಿ ಹಾರ್ಪರ್ 2011ರಲ್ಲಿ, ಇದರಲ್ಲಿ ಯೋಚಿಸುವುದಕ್ಕೆ ಏನೂ ಇಲ್ಲ ಅನ್ನುವ ಧಾಟಿಯಲ್ಲಿ ಮಾತಾಡಿದರು. ನೆಬ್ರಾಸ್ಕಾದ ರೈತರಿಗೆ ಯೋಚಿಸುವುದು ಬಹಳ ಇತ್ತು, ಪೈಪ್ ಹೋಗುವುದು ಅವರ ಅಂತರ್ಜಲದ ಮೇಲೆ. ಆ ನವೆಂಬರ್‌ನಲ್ಲಿ ಸಾವಿರಾರು ಜನ ಶ್ವೇತಭವನವನ್ನು ಸುತ್ತುವರಿದು ನಿಂತರು. 2012ರ ಜನವರಿಯಲ್ಲಿ ಒಬಾಮ ಮೊದಲ ಅರ್ಜಿ ತಿರಸ್ಕರಿಸಿದರು. ಮತ್ತೆ ಅರ್ಜಿ ಹೋಯಿತು.

ಇಲ್ಲಿ ಡೂಯರ್ ಅವರ ಕಷ್ಟ ನೋಡಿ. ಪ್ರೀಮಿಯರ್ ಆಗಿದ್ದಾಗ ಅವರು ಹವಾಮಾನ ಬದಲಾವಣೆ ತಡೆಯುವ ಕ್ಯೋಟೊ ಒಪ್ಪಂದದ ಪರ ಇದ್ದವರು. ಅಮೆರಿಕದ ಪಶ್ಚಿಮ ರಾಜ್ಯಗಳು ಹವಾಮಾನಕ್ಕಾಗಿ ಕಟ್ಟಿಕೊಂಡ ಕೂಟಕ್ಕೆ 2007ರಲ್ಲಿ ಮ್ಯಾನಿಟೋಬವನ್ನು ಸೇರಿಸಿದವರು. ಈಗ ಅವರು ಪ್ರತಿನಿಧಿಸುತ್ತಿದ್ದ ಸರ್ಕಾರ 2011ರ ಡಿಸೆಂಬರ್‌ನಲ್ಲಿ ಕ್ಯೋಟೊದಿಂದಲೇ ಹೊರಬಂತು. ಪರಿಸರವಾದಿಗಳು ಅವರನ್ನು ಟೀಕಿಸಿದರು. ಅವರು ತಮ್ಮ ವಾದ ಬಿಡಲಿಲ್ಲ. ಅಮೆರಿಕಕ್ಕೆ ತೈಲ ಹೇಗೂ ಬೇಕು, ಅದು ವೆನೆಜುವೆಲಾದಿಂದ ಬರಬೇಕೋ ಪಕ್ಕದ ಸ್ನೇಹಿತರಿಂದಲೋ ಅಂತ ಕೇಳುತ್ತಿದ್ದರು. ಪೈಪ್ ಇಲ್ಲದಿದ್ದರೆ ತೈಲ ರೈಲಿನಲ್ಲಿ ಹೋಗುತ್ತದೆ ಅನ್ನುವ ಮಾತೂ ಕೆನಡಾದ ಕಡೆಯಿಂದ ಬರುತ್ತಿತ್ತು. 2013ರ ಜುಲೈನಲ್ಲಿ ಕ್ವಿಬೆಕ್‌ನ ಲ್ಯಾಕ್ ಮೆಗಾಂಟಿಕ್‌ನಲ್ಲಿ ತೈಲದ ರೈಲು ಹಳಿ ತಪ್ಪಿ ಹೊತ್ತಿ ಉರಿದು 47 ಜನ ಸತ್ತ ಮೇಲೆ ಆ ಮಾತಿಗೆ ತೂಕ ಬಂತು.

ಸೆನೆಟ್‌ನಲ್ಲಿ ಪೈಪ್‌ಲೈನ್ ಪರವಾಗಿ ಮುಂದೆ ನಿಂತವರು ಯಾರು ಗೊತ್ತೇ? ಜಾನ್ ಹೋವೆನ್. ಡೆವಿಲ್ಸ್ ಲೇಕ್ ಜಗಳದ ಗವರ್ನರ್ 2011ರಲ್ಲಿ ಸೆನೆಟರ್ ಆಗಿ ಬಂದಿದ್ದರು. ಒಂದು ವಿಷಯದಲ್ಲಿ ಕೋರ್ಟ್ ಮೆಟ್ಟಿಲು ಹತ್ತಿದವರು ಇನ್ನೊಂದರಲ್ಲಿ ಒಂದೇ ಕಡೆ ನಿಂತರು. ಜಗಳ ಆಡುವಾಗಲೂ ಮಾತು ಬಿಡದೆ ಉಳಿಸಿಕೊಂಡಿದ್ದರೆ ಮಾತ್ರ ಇದು ಸಾಧ್ಯ. 2014ರ ನವೆಂಬರ್‌ನಲ್ಲಿ ಸೆನೆಟ್‌ನಲ್ಲಿ 59 ಮತ ಬಂತು, ಬೇಕಿದ್ದದ್ದು 60. 2015ರ ಆರಂಭದಲ್ಲಿ ಎರಡೂ ಸದನ ಪಾಸು ಮಾಡಿದವು. ಫೆಬ್ರವರಿ 24ರಂದು ಒಬಾಮ ವೀಟೊ ಹಾಕಿದರು. ನವೆಂಬರ್ 6ರಂದು ಅರ್ಜಿಯನ್ನು ಪೂರ್ತಿ ತಿರಸ್ಕರಿಸಿದರು. ಹಾರ್ಪರ್ ಸೋತು ಜಸ್ಟಿನ್ ಟ್ರುಡೊ ಅಧಿಕಾರ ವಹಿಸಿಕೊಂಡು ಆಗ ಎರಡೇ ದಿನ ಆಗಿತ್ತು.

ಅಂದರೆ ರಾಯಭಾರಿಯ ಕೈಯಲ್ಲಿದ್ದ ಕೆಲಸ, ಕಾಂಗ್ರೆಸ್ಸನ್ನು ಒಲಿಸುವುದು, ನಡೆದಿತ್ತು. ಬಾಕಿ ಉಳಿದದ್ದು ಒಬ್ಬ ಅಧ್ಯಕ್ಷರ ಮನಸ್ಸು. ಅವರು 2013ರ ಜೂನ್‌ನಲ್ಲೇ ತಮ್ಮ ಅಳತೆ ಹೇಳಿದ್ದರು: ಇಂಗಾಲದ ಮಾಲಿನ್ಯ ಗಣನೀಯವಾಗಿ ಹೆಚ್ಚಬಾರದು. ಅದಕ್ಕೆ ಒಟ್ಟಾವ ಕೊಡಬಹುದಾಗಿದ್ದ ಒಳ್ಳೆಯ ಉತ್ತರ ತೈಲ ಉದ್ಯಮದ ಹೊಗೆಗೆ ಮಿತಿ ಹಾಕುವ ನಿಯಮ. ಹಾರ್ಪರ್ ಸರ್ಕಾರ ಅದನ್ನು ತರುತ್ತೇವೆ ಅನ್ನುತ್ತಲೇ ಮುಂದೂಡಿತು. 2014ರ ಡಿಸೆಂಬರ್‌ನಲ್ಲಿ, ತೈಲ ಬೆಲೆ ಬಿದ್ದಿರುವಾಗ ಅಂಥ ನಿಯಮ ಹುಚ್ಚುತನ ಅಂತ ಪ್ರಧಾನಿಯೇ ಸಂಸತ್ತಿನಲ್ಲಿ ಹೇಳಿದರು. ಪ್ರೀಮಿಯರ್ ಆಗಿದ್ದಿದ್ದರೆ ಡೂಯರ್ ಅಂಥ ನಿಯಮವನ್ನು ತಾವೇ ಮಾಡಿ ಮೇಜಿನ ಮೇಲೆ ಇಡಬಹುದಿತ್ತು. ರಾಯಭಾರಿಗೆ ಆ ಅಧಿಕಾರ ಇಲ್ಲ. ಸರ್ಕಾರ ಏನು ಕೊಟ್ಟು ಕಳಿಸುತ್ತದೋ ಅದನ್ನೇ ಹಿಡಿದು ವಾದಿಸಬೇಕು. ಮುಖ್ಯಸ್ಥರಾಗಿದ್ದವರು ರಾಯಭಾರಿಯಾದಾಗ ಕಳೆದುಕೊಳ್ಳುವುದು ಇದನ್ನೇ. ಕೀಸ್ಟೋನ್ ಸೋಲನ್ನು ನಾನು ಅವರ ಲೆಕ್ಕಕ್ಕೆ ಬರೆಯದಿರುವುದು ಈ ಕಾರಣಕ್ಕೆ.

ಆ ಪೈಪ್‌ಲೈನ್ ಆಮೇಲೂ ಉಯ್ಯಾಲೆ ಆಡಿತು. 2017ರಲ್ಲಿ ಟ್ರಂಪ್ ಅನುಮತಿ ಕೊಟ್ಟರು, 2021ರ ಜನವರಿ 20ರಂದು ಬೈಡನ್ ಕಿತ್ತುಕೊಂಡರು. ಅದೇ ವರ್ಷ ಜೂನ್‌ನಲ್ಲಿ ಕಂಪನಿ ಯೋಜನೆಯನ್ನೇ ಬಿಟ್ಟಿತು.

ಬೇರೆ ಪ್ರೀಮಿಯರ್‌ಗಳ ಕಥೆ ಒಂದೇ ಥರ ಇಲ್ಲ. ಒಂಟಾರಿಯೊದ ಹೊವರ್ಡ್ ಫರ್ಗ್ಯುಸನ್ 1930ರಲ್ಲೇ ಲಂಡನ್‌ಗೆ ಹೈಕಮಿಷನರ್ ಆಗಿ ಹೋದರು. ಬ್ರಿಟಿಷ್ ಕೊಲಂಬಿಯದ ಗಾರ್ಡನ್ ಕ್ಯಾಂಪ್‌ಬೆಲ್ 2011ರಲ್ಲಿ ಅದೇ ಹುದ್ದೆಗೆ ಹೋದರು. ಒಂಟಾರಿಯೊದ ಬಾಬ್ ರೇ 2020ರಲ್ಲಿ ವಿಶ್ವಸಂಸ್ಥೆಗೆ ಹೋದರು. ಮೆಕೆನ್ನಾ ಮಾತ್ರ ವಾಷಿಂಗ್ಟನ್‌ನಲ್ಲಿ ಸುಮಾರು ಒಂದು ವರ್ಷ ಇದ್ದರು ಅಷ್ಟೇ. ಅವರು ಲಿಬರಲ್, 2006ರ ಜನವರಿಯಲ್ಲಿ ಲಿಬರಲ್ ಸರ್ಕಾರ ಸೋತಾಗ ರಾಜೀನಾಮೆ ಕೊಟ್ಟರು. ಆಳುವ ಪಕ್ಷದ ಮನುಷ್ಯ ಅಂತ ಗುರುತಾದವರಿಗೆ ಈ ಅಪಾಯ ಇದ್ದೇ ಇದೆ. ಡೂಯರ್ ಆರು ವರ್ಷ ದಾಟಿ ಇದ್ದರು, ಸರ್ಕಾರ ಬದಲಾದ ಮೇಲೂ ಉತ್ತರಾಧಿಕಾರಿ ಬರುವ ಹೊತ್ತಿನವರೆಗೆ.

ಅಧಿಕಾರಿಗಳ ಬಗ್ಗೆ ಕೇಳಿದ್ದೀರಿ. ರಾಯಭಾರ ಕಚೇರಿ ನಡೆಯುವುದೇ ಅವರಿಂದ. ಹಂದಿಮರಿ ವ್ಯಾಜ್ಯದಲ್ಲಿ ಏಳು ವರ್ಷ ಕಡತ ಹಿಡಿದು ಕೂತವರು ವ್ಯಾಪಾರ ಕಾನೂನು ಬಲ್ಲ ಅಧಿಕಾರಿಗಳು, ರಾಜಕಾರಣಿಗಳಲ್ಲ. ಡೂಯರ್ ನಂತರ 2016ರಲ್ಲಿ ಬಂದ ಡೇವಿಡ್ ಮ್ಯಾಕ್‌ನಾಟನ್ ಕೂಡ ವೃತ್ತಿ ಅಧಿಕಾರಿ ಅಲ್ಲ, ಟ್ರುಡೊ ಅವರ ಚುನಾವಣಾ ಕೆಲಸದಲ್ಲಿ ಇದ್ದವರು. ಆದರೆ 2017ರಲ್ಲಿ ಉತ್ತರ ಅಮೆರಿಕದ ಮುಕ್ತ ವ್ಯಾಪಾರ ಒಪ್ಪಂದವನ್ನು ಹೊಸದಾಗಿ ಬರೆಯುವ ಮಾತು ಶುರುವಾದಾಗ ಅವರ ಕೈಕೆಳಗೆ ಎರಡನೆಯ ಸ್ಥಾನಕ್ಕೆ ಬಂದದ್ದು ಕರ್ಸ್ಟನ್ ಹಿಲ್‌ಮನ್, ವ್ಯಾಪಾರ ವಕೀಲೆ, ಸರ್ಕಾರಿ ಸೇವೆಯಲ್ಲೇ ಬೆಳೆದವರು. 2019ರಲ್ಲಿ ಮ್ಯಾಕ್‌ನಾಟನ್ ಹೊರಟಾಗ ಕಚೇರಿ ನಡೆಸಿದ್ದು ಅವರೇ. 2020ರ ಮಾರ್ಚ್‌ನಲ್ಲಿ ಅವರೇ ರಾಯಭಾರಿಯಾದರು, ವಾಷಿಂಗ್ಟನ್‌ನಲ್ಲಿ ಕೆನಡಾದ ಮೊದಲ ಮಹಿಳಾ ರಾಯಭಾರಿ.